ಕ್ಲೇಮ್ ಪತ್ರದಲ್ಲಿ ‘ಆವರೇಜ್’ ಅಂದರೆ ಯಾವ ಸರಾಸರಿ?

ಸುಂಟಿಕೊಪ್ಪ ರೋಬಸ್ಟಾ

ಎಲ್ಲರಿಗೂ ನಮಸ್ಕಾರ. ವಿಮೆ ವಿಷಯ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

2024ರ ಜೂನ್ ಕೊನೆಯಲ್ಲಿ ಒಂದು ರಾತ್ರಿ ಗಾಳಿಮಳೆಗೆ ನಮ್ಮ ಗೋದಾಮಿನ ಮೇಲೆ ಸಿಲ್ವರ್ ಓಕ್ ಮರ ಬಿತ್ತು. ಕರೆಂಟ್ ಇರಲಿಲ್ಲ, ಮಳೆಯ ಸದ್ದಿಗೆ ಮರ ಬಿದ್ದ ಸದ್ದೂ ಕೇಳಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ನಾಲ್ಕು ಶೀಟ್ ಒಡೆದಿದೆ, ನೀರು ನೇರ ಚೀಲಗಳ ಮೇಲೆ ಸುರಿಯುತ್ತಿದೆ. ಒಳಗಿದ್ದದ್ದು 120 ಚೀಲ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), 50 ಕೆಜಿಯ ಚೀಲ. ಬೆಲೆ ಇನ್ನೂ ಏರುತ್ತೆ ಅಂತ ಆಸೆಗೆ ಬಿದ್ದು ಮಾರದೆ ಇಟ್ಟುಕೊಂಡಿದ್ದೆ. 35 ಚೀಲ ಪೂರ್ತಿ ನೆನೆದಿತ್ತು. ಮೂರನೇ ದಿನ ಚೀಲದೊಳಗೆ ಕೈ ಹಾಕಿದರೆ ಬಿಸಿ ಬಿಸಿ, ಬೂಷ್ಟಿನ ವಾಸನೆ. ಆ ಮಳೆಯಲ್ಲಿ ಎಲ್ಲಿ ಅಂತ ಒಣಗಿಸುವುದು? ಕಣದಲ್ಲೇ ಪಾಚಿ ಕಟ್ಟಿತ್ತು.

ಬ್ಯಾಂಕಿನ ಸಾಲ ಇರುವುದರಿಂದ ಸ್ಟಾಕ್ ಮೇಲೆ ಪಾಲಿಸಿ ಇತ್ತು. ಅವರೇ ವರ್ಷ ವರ್ಷ ಪ್ರೀಮಿಯಂ ಕಟ್ ಮಾಡಿಕೊಳ್ಳುತ್ತಿದ್ದರು. ನಾನು ಕಾಗದ ತೆಗೆದು ನೋಡಿದವನಲ್ಲ. ನಷ್ಟ ಅಳೆಯಲು ವಿಮೆಯ ಸರ್ವೇಯರ್ ಬಂದರು, ಕಾಫಿ ಕೊಟ್ಟೆ, ಎಲ್ಲಾ ಚೀಲ ಎಣಿಸಿ ತೋರಿಸಿದೆ. ಆಗ ಚೀಲಕ್ಕೆ 10,000 ರೂಪಾಯಿ ರೇಟ್. ಹಾಳಾದದ್ದು 3.5 ಲಕ್ಷದ ಮಾಲು. ಒದ್ದೆ ಕಾಫಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟಾಗ 50,000 ಬಂತು. ಅದನ್ನು ಕಳೆದರೆ ನಷ್ಟ 3 ಲಕ್ಷ. ಇಲ್ಲಿವರೆಗೆ ತಕರಾರಿಲ್ಲ, ಅವರೂ ಒಪ್ಪಿದ್ದಾರೆ.

ಮಂಜೂರಾದದ್ದು 1.2 ಲಕ್ಷ! ಎಕ್ಸೆಸ್ ಅಂತ ಇನ್ನೊಂದಿಷ್ಟು ಕಡಿತ ಬೇರೆ, ಅದನ್ನು ಬಿಡಿ. ಪತ್ರದಲ್ಲಿ ಕಾರಣ ಎರಡೇ ಪದ: ‘ಆವರೇಜ್ ಅಪ್ಲೈಡ್’. ಬ್ಯಾಂಕಲ್ಲಿ ಕೇಳಿದರೆ, ‘ಮೂರು ವರ್ಷದ ಆವರೇಜ್ ರೇಟ್ ಹಿಡಿದಿರಬೇಕು ಸರ್’ ಅಂದರು. ಮನೆಗೆ ಬಂದು ಎಲ್ಲಾ ರೀತಿ ಲೆಕ್ಕ ಹಾಕಿದೆ. ಯಾವ ಸರಾಸರಿ ತೆಗೆದರೂ 1.2 ಲಕ್ಷ ಬರುತ್ತಿಲ್ಲ. ಇದು ಯಾವ ಆವರೇಜ್?

ಹಾಕಿ ಹುಚ್ಚ

ಅಣ್ಣಾ, ನನಗೆ ಗೊತ್ತಿರುವ ಆವರೇಜ್ ಎರಡೇ. ಒಂದು ಬೈಕ್ ಲೀಟರಿಗೆ ಎಷ್ಟು ಕೊಡುತ್ತೆ ಅನ್ನುವುದು. ಇನ್ನೊಂದು ಕ್ರಿಕೆಟ್‌ನವರದ್ದು. ಪುಣ್ಯಕ್ಕೆ ನಮ್ಮ ಹಾಕಿಯಲ್ಲಿ ಆ ಕಾಟ ಇಲ್ಲ.

ಮಂಜಿನೂರು

ಇದರಲ್ಲಿ ತಿಳಿಯುವುದೇನಿದೆ? ಪ್ರೀಮಿಯಂ ತಗೊಳ್ಳುವಾಗ ಪೂರ್ತಿ, ಕೊಡುವಾಗ ಸರಾಸರಿ. ನಾಮ ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಅಷ್ಟೇ.

ನಿವೃತ್ತ ಸರ್ವೇಯರ್

ಸುಂಟಿಕೊಪ್ಪದವರೇ, ಒಂದು ಪ್ರಶ್ನೆ. ಪಾಲಿಸಿಯಲ್ಲಿ ಸಮ್ ಇನ್ಶೂರ್ಡ್, ಅಂದರೆ ವಿಮೆ ಮಾಡಿಸಿದ ಮೊತ್ತ, ಎಷ್ಟಿದೆ ನೋಡಿ ಹೇಳಿ. 4.8 ಲಕ್ಷ ಇರಬೇಕು ಅಂತ ನನ್ನ ಊಹೆ.

ಸುಂಟಿಕೊಪ್ಪ ರೋಬಸ್ಟಾ

ಸರ್, ಸರಿಯಾಗಿ 4.8 ಲಕ್ಷವೇ ಇದೆ! ನಿಮಗೆ ಹೇಗೆ ಗೊತ್ತಾಯಿತು? ಪಾಲಿಸಿ ಮಾಡಿಸಿದ ವರ್ಷ ಚೀಲಕ್ಕೆ 4,000 ಇತ್ತು. ಆ ಲೆಕ್ಕದಲ್ಲಿ 120 ಚೀಲಕ್ಕೆ ಹಾಕಿದ್ದು. ಆಮೇಲೆ ಪ್ರತಿ ವರ್ಷ ಅದೇ ಮೊತ್ತಕ್ಕೆ ರಿನ್ಯೂ ಆಗಿದೆ. ಆದರೂ ನನ್ನ ನಷ್ಟ 3 ಲಕ್ಷ, ಪಾಲಿಸಿ 4.8 ಲಕ್ಷ. ಮಿತಿಯ ಒಳಗೇ ಇದೆ ಅಲ್ವಾ?

ನಿವೃತ್ತ ಸರ್ವೇಯರ್

ಅಲ್ಲೇ ಎಲ್ಲರೂ ಎಡವುವುದು. ನನ್ನ ಸರ್ವೀಸಿನಲ್ಲಿ ಅತಿ ಹೆಚ್ಚು ಜಗಳ ಆಗಿದ್ದು ಇದೊಂದು ವಿಷಯಕ್ಕೆ. ನಿಧಾನ ಓದಿ.

ಮರ ಬಿದ್ದ ದಿನ ಗೋದಾಮಿನಲ್ಲಿದ್ದ ಮಾಲು 120 ಚೀಲ. ಆ ದಿನದ ರೇಟಿಗೆ 12 ಲಕ್ಷ. ನೀವು ವಿಮೆ ಮಾಡಿಸಿದ್ದು 4.8 ಲಕ್ಷಕ್ಕೆ. ಅಂದರೆ ನೂರಕ್ಕೆ 40 ಭಾಗಕ್ಕೆ ಮಾತ್ರ. ಉಳಿದ 60 ಭಾಗಕ್ಕೆ ನೀವು ಯಾರಿಗೂ ಪ್ರೀಮಿಯಂ ಕಟ್ಟಿಲ್ಲ. ಆ ಭಾಗಕ್ಕೆ ನೀವೇ ವಿಮಾ ಕಂಪನಿ ಅಂತ ಲೆಕ್ಕ. ಹಾಗಾಗಿ ನಷ್ಟ ಎಷ್ಟೇ ಇರಲಿ, ಅದರಲ್ಲಿ 40 ಭಾಗ ಅವರದ್ದು, 60 ಭಾಗ ನಿಮ್ಮದು. 3 ಲಕ್ಷದಲ್ಲಿ 40 ಭಾಗ 1.2 ಲಕ್ಷ.

ಇದಕ್ಕೆ ವಿಮೆಯವರ ಮಾತಿನಲ್ಲಿ ‘ಕಂಡಿಷನ್ ಆಫ್ ಆವರೇಜ್’ ಅನ್ನುತ್ತಾರೆ. ಬೆಲೆಯ ಸರಾಸರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬ್ಯಾಂಕಿನವರು ನಿಮಗೆ ಹೇಳಿದ್ದು ತಪ್ಪು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಕಾಫಿ ಕೊಟ್ಟು ಎಣಿಸಿ ತೋರಿಸಿದಿರಲ್ಲ, ಒಣಗಿದ್ದ ಆ 85 ಚೀಲ? ಅವೇ ನಿಮ್ಮ ಕ್ಲೇಮ್ ಇಳಿಸಿದ್ದು. ಹಾಗಂತ ಮುಚ್ಚಿಡಬೇಕಿತ್ತು ಅಂತ ಹೇಳುತ್ತಿಲ್ಲ, ಅದು ಮೋಸ. ಒದ್ದೆಯಾದ ಚೀಲದ ಲೆಕ್ಕಕ್ಕೆ ಒಣ ಚೀಲ ಯಾಕೆ ಎಣಿಸುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಉತ್ತರ ಇದೇ.

ಸುಂಟಿಕೊಪ್ಪ ರೋಬಸ್ಟಾ

ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ಸರ್. ಲೆಕ್ಕ ಅರ್ಥವಾಯಿತು. ಆದರೆ ನ್ಯಾಯ ಅನ್ನಿಸುತ್ತಿಲ್ಲ. ಕಾಫಿ ಬೆಲೆ ಏರಿದ್ದು ಪೇಪರಿನಲ್ಲಿ ದಿನಾ ಬರುತ್ತಿತ್ತು. ರಿನ್ಯೂ ಮಾಡುವವರಿಗೆ ಕಾಣಲಿಲ್ಲವಾ? ‘ನಿಮ್ಮ ಮಾಲಿನ ಬೆಲೆ ಈಗ ಎಷ್ಟು’ ಅಂತ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಬೆಲೆ ಏರಿದೆ ಅಂತ ಊರೆಲ್ಲ ಖುಷಿಪಟ್ಟಾಗ ನನ್ನ ವಿಮೆ ಒಳಗೊಳಗೇ ಕರಗುತ್ತಿತ್ತು.

ನಿವೃತ್ತ ಸರ್ವೇಯರ್

ಒಪ್ಪುತ್ತೇನೆ. ಫೋನ್ ಮಾಡಬೇಕಿತ್ತು. ಆದರೆ ಷರತ್ತು ಯಾಕಿದೆ ಅನ್ನುವುದೂ ನೋಡಿ. ಗೋದಾಮು ಪೂರ್ತಿ ನಾಶವಾಗುವುದು ಅಪರೂಪ. ಹೆಚ್ಚಿನ ನಷ್ಟ ನಿಮ್ಮದರ ಹಾಗೆ ಕಾಲು ಭಾಗ, ಅರ್ಧ ಭಾಗ. ಈ ಷರತ್ತು ಇಲ್ಲದಿದ್ದರೆ ಬುದ್ಧಿವಂತರೆಲ್ಲ 12 ಲಕ್ಷದ ಮಾಲಿಗೆ 4 ಲಕ್ಷದ ಪಾಲಿಸಿ ಮಾಡಿಸಿ, ನಷ್ಟ ಬಂದಾಗ ಪೂರ್ತಿ ವಸೂಲಿ ಮಾಡುತ್ತಾರೆ. ಪಕ್ಕದ ತೋಟದವನು ಪ್ರಾಮಾಣಿಕವಾಗಿ 12 ಲಕ್ಷಕ್ಕೆ ಕಟ್ಟಿರುತ್ತಾನೆ. ಅವನು ಮೂರ್ಖ ಆಗುತ್ತಾನೆ.

ಕನ್ನಡ ಮೇಷ್ಟ್ರು

ಹಣದ ವಿಷಯ ತಿಳಿದವರು ಹೇಳಿದ್ದಾರೆ. ನನಗೆ ಪದ ಕಚಗುಳಿ ಇಡುತ್ತಿದೆ. ಆವರೇಜ್ ಅಂದ ಕೂಡಲೇ ನಾವು ಸರಾಸರಿ ಅಂತೀವಿ. ಈ ಸರಾಸರಿ ಕೂಡ ನಮ್ಮದಲ್ಲ. ಪಾರಸಿಯಿಂದ ಮರಾಠಿಯ ದಾರಿ ಹಿಡಿದು ಬಂದದ್ದು. ಪಾರಸಿಯಲ್ಲಿ ‘ಸರ್’ ಅಂದರೆ ತಲೆ. ‘ಸರಾಸರ್’ ಅಂದರೆ ಈ ತಲೆಯಿಂದ ಆ ತಲೆವರೆಗೆ, ಒಟ್ಟಾರೆ. ಸರದಾರ, ಸರ್ಕಾರ ಎಲ್ಲದರಲ್ಲೂ ಇರುವುದು ಅದೇ ತಲೆ. ನಾವು ‘ತಲಾ ಎರಡು ಕಡುಬು’ ಅಂತೀವಲ್ಲ, ಅಲ್ಲೂ ತಲೆ ಎಣಿಸಿಯೇ ಹಂಚುವುದು.

ವಿಮೆ ಪದವೂ ಹಾಗೇ. ಮರಾಠಿಯ ವಿಮಾ, ಹಿಂದಿಯ ಬೀಮಾ. ಹಿಂದೆ ಹೋದರೆ ಪಾರಸಿಯ ‘ಬೀಮ್’, ಅಂದರೆ ಭಯ. ಎಲ್ಲಾ ವಿಮಾ ಏಜೆಂಟರ ಮೊದಲ ಮಾತೂ ಅದೇ ಅಲ್ವಾ?

ಆದರೆ ಇಂಗ್ಲಿಷಿನ ಆವರೇಜ್‌ಗೆ ನಷ್ಟದ ಅರ್ಥ ಹೇಗೆ ಅಂಟಿಕೊಂಡಿತು?

ಮಂಜಿನೂರು

ಮೇಷ್ಟ್ರೇ, ಅದು ಲ್ಯಾಟಿನ್. ಹಳೇ ಇಂಗ್ಲೆಂಡಿನಲ್ಲಿ ರೈತರು ದೊರೆಗಳಿಗೆ ಎತ್ತು, ಕುದುರೆ ಕಟ್ಟಿ ಬಿಟ್ಟಿ ಸೇವೆ ಮಾಡಬೇಕಿತ್ತು. ಅದಕ್ಕೆ ಆವರೇಜ್ ಅನ್ನುತ್ತಿದ್ದರು. ಎಲ್ಲರೂ ಸಮ ಪಾಲು ದುಡಿಯಬೇಕು, ಅದರಿಂದ ಸರಾಸರಿ. ಎಲ್ಲೋ ಓದಿದ ನೆನಪು.

ಕಡಲಿಗ

ಮಂಜಿನೂರು ಹೇಳಿದ ಪದ ಇತ್ತು ನಿಜ. ಆದರೆ ಅದು ಬೇರೆ ಪದ, ಹೇಳುವುದಕ್ಕೆ ಮಾತ್ರ ಒಂದೇ ಥರ. ಹಳೇ ನಿಘಂಟುಗಳಲ್ಲಿ ಎರಡನ್ನೂ ಸೇರಿಸಿ ಕಲಸಿದ್ದಾರೆ.

ನಾನು ಗೋಣಿಕೊಪ್ಪಲಿನವನು, ಮರ್ಚೆಂಟ್ ನೇವಿಯಲ್ಲಿ 12 ವರ್ಷ ಇದ್ದೆ. ಈ ಪದದ ಬೇರು ನನಗೆ ಮೊದಲು ಕಂಡಿದ್ದು ಇಟಲಿಯ ಜಿನೋವಾ ಬಂದರಿನಲ್ಲಿ, ಒಂದು ಲಿಫ್ಟಿನ ಬಾಗಿಲಲ್ಲಿ. ಕೈಯಲ್ಲಿ ಬರೆದ ಚೀಟಿ ಅಂಟಿಸಿದ್ದರು: ‘ಅವಾರಿಯಾ’. ಜೊತೆಗಿದ್ದ ಇಟಲಿಯವನನ್ನು ಕೇಳಿದೆ. ‘ಕೆಟ್ಟಿದೆ, ಮೆಟ್ಟಿಲು ಹತ್ತು’ ಅಂದ. ನಾಲ್ಕು ಮಹಡಿ ಹತ್ತುವಾಗ ನಮ್ಮ ಚೀಫ್ ಆಫೀಸರ್ ಹೇಳಿದರು, ಹಡಗಿನ ಕಾಗದದಲ್ಲಿ ಬರುವ ಆವರೇಜ್ ಕೂಡ ಇದೇ ಪದ ಅಂತ.

ಇಟಲಿಯಲ್ಲಿ ಅವಾರಿಯಾ, ಫ್ರೆಂಚಿನಲ್ಲಿ ಅವಾರಿ. ಎರಡಕ್ಕೂ ಅರ್ಥ ಹಾನಿ, ಕೆಟ್ಟುಹೋಗುವುದು. ಮಧ್ಯಯುಗದಲ್ಲಿ ಮೆಡಿಟರೇನಿಯನ್ ಸಮುದ್ರದ ವ್ಯಾಪಾರಿಗಳ ಬಾಯಲ್ಲಿ ಓಡಾಡಿದ ಪದ. ಇಂಗ್ಲಿಷರು ಅದನ್ನು ತಗೊಂಡು ‘ಡ್ಯಾಮೇಜ್’ ಥರ ಕೊನೆಗೆ ಒಂದು ‘ಏಜ್’ ಸೇರಿಸಿದರು. ಮೊದಲ ಅರ್ಥ ಹಡಗಿನ ಮಾಲಿಗೆ ಆದ ಹಾನಿ. ಆಮೇಲೆ ಆ ಹಾನಿಯ ಖರ್ಚು. ಆಮೇಲೆ ಆ ಖರ್ಚನ್ನು ವ್ಯಾಪಾರಿಗಳೆಲ್ಲ ಅವರವರ ಮಾಲಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳುವುದು. ಗಣಿತದ ಸರಾಸರಿ ಅರ್ಥ ಬಂದದ್ದು ಕೊನೆಗೆ, 18ನೇ ಶತಮಾನದಲ್ಲಿ. ಅಂದರೆ ನಾವು ಶಾಲೆಯಲ್ಲಿ ಕಲಿತದ್ದು ಮೊಮ್ಮಗ. ಸುಂಟಿಕೊಪ್ಪದವರ ಪತ್ರದಲ್ಲಿ ಇರುವುದು ಅಜ್ಜ.

ವಿರಾಜಪೇಟೆಯವ

ಕಡಲಿಗ ಅಣ್ಣಾ, ಇಟಲಿಗಿಂತ ಹಿಂದೆ ಹೋಗಿ. ಅದು ಅರಬ್ಬಿಯ ‘ಅವಾರ್’. ಸಾಮಾನಿನಲ್ಲಿರುವ ಊನ, ದೋಷ ಅಂತ ಅರ್ಥ. ನಾನು ಸೌದಿಯ ದಮ್ಮಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಅಲ್ಲಿ ಒಕ್ಕಣ್ಣನಿಗೆ ‘ಅಅ್‌ವರ್’ ಅನ್ನುತ್ತಾರೆ. ಅದೂ ಇದೇ ಧಾತು. ಊನ ಇರುವವನು ಅಂತ.

ಕಡಲಿಗ

ಹೌದು, ಹೆಚ್ಚಿನ ನಿಘಂಟುಗಳು ಅರಬ್ಬಿಗೇ ಕೈ ತೋರಿಸುತ್ತವೆ. ಒಕ್ಕಣ್ಣನ ವಿಷಯ ನನಗೆ ಹೊಸದು. ಥ್ಯಾಂಕ್ಸ್ ತಮ್ಮ.

ಹಾಕಿ ಹುಚ್ಚ

ಅಂದರೆ ನಮ್ಮ ಬೈಕಿನ ಆವರೇಜ್ ಎಷ್ಟು ಅಂದರೆ, ಎಷ್ಟು ಕೆಟ್ಟಿದೆ ಅಂತ. ನನ್ನ ಬೈಕಿಗೆ ಹಳೇ ಅರ್ಥವೇ ಸರಿಹೋಗುತ್ತೆ.

ಕುಶಾಲನಗರ ಕ್ಯೂರಿಂಗ್

ನಾನು ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ರಫ್ತು ಕಾಗದಪತ್ರ ನೋಡಿಕೊಳ್ಳುತ್ತೇನೆ. ನಮಗೆ ಆ ‘ಅಜ್ಜ’ ಇನ್ನೂ ಬದುಕಿದ್ದಾನೆ. ಅವನ ಹೆಸರು ‘ಜನರಲ್ ಆವರೇಜ್’.

ಹಡಗು ಬಿರುಗಾಳಿಗೆ ಸಿಕ್ಕಿದೆ. ಭಾರ ಇಳಿಸದಿದ್ದರೆ ಮುಳುಗುತ್ತೆ. ಕ್ಯಾಪ್ಟನ್ ಒಬ್ಬರ ಮಾಲನ್ನು ಸಮುದ್ರಕ್ಕೆ ಎಸೆಯುತ್ತಾನೆ. ಹಡಗು ಉಳಿಯುತ್ತೆ, ಬೇರೆಯವರ ಮಾಲೂ ಉಳಿಯುತ್ತೆ. ಎಸೆದದ್ದು ಎಲ್ಲರಿಗಾಗಿ. ಹಾಗಾಗಿ ನಷ್ಟವನ್ನೂ ಎಲ್ಲರೂ ಹೊರಬೇಕು, ಹಡಗಿನ ಯಜಮಾನನೂ ಸೇರಿ. ಹಡಗು 60 ಲಕ್ಷ, ಮಾಲು 40 ಲಕ್ಷ, ಎಸೆದದ್ದು 10 ಲಕ್ಷದ್ದು ಅಂತಿಟ್ಟುಕೊಳ್ಳಿ. ಒಟ್ಟು 1 ಕೋಟಿಯಲ್ಲಿ ಹತ್ತನೇ ಒಂದು ಭಾಗ ಹೋಯಿತು. ಪ್ರತಿಯೊಬ್ಬರೂ ತಮ್ಮ ಪಾಲಿನಲ್ಲಿ ಹತ್ತನೇ ಒಂದು ಭಾಗ ಕೊಡಬೇಕು. ಮಾಲು ಕಳೆದುಕೊಂಡವನೂ ತನ್ನ ಹತ್ತನೇ ಭಾಗ ಹೊರುತ್ತಾನೆ, ಉಳಿದದ್ದು ಅವನಿಗೆ ವಾಪಸ್ ಬರುತ್ತೆ.

ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ನಾಲ್ಕು ತೋಟದವರು ಸೇರಿ ಒಂದು ಲಾರಿಯಲ್ಲಿ ಶುಂಠಿ ಕಳಿಸಿದ್ದಾರೆ. ಸಂಪಾಜೆ ಘಾಟಿಯಲ್ಲಿ ಲಾರಿಯ ಒಂದು ಚಕ್ರ ಅಂಚಿಗೆ ಜಾರಿತು. ಡ್ರೈವರ್ ಹಿಂದಿನ ಚೀಲಗಳನ್ನು ಕೆಳಗೆ ತಳ್ಳಿ ಲಾರಿ ಉಳಿಸಿದ. ಹಿಂದೆ ಇದ್ದದ್ದು ನನ್ನ ಚೀಲ ಅನ್ನುವುದು ನನ್ನ ತಪ್ಪಾ?

ಈ ನಿಯಮ ವಿಮೆಗಿಂತ ತುಂಬಾ ಹಳೆಯದು. ರೋಡ್ಸ್ ದ್ವೀಪದ ಕಡಲ ಕಟ್ಟಳೆ ಅಂತ ಇದರ ಹೆಸರು. ರೋಮ್ ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಮಾಡಿಸಿದ ಕಾನೂನು ಸಂಗ್ರಹದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ಈಗ ಲೋಕವೆಲ್ಲ ನಡೆಸುವುದು ಯಾರ್ಕ್-ಆಂಟ್‌ವರ್ಪ್ ನಿಯಮಗಳ ಪ್ರಕಾರ. ಆ ಹೆಸರು ಬಂದದ್ದು 1890ರಲ್ಲಿ. ನಮ್ಮ ದೇಶದ 1963ರ ಸಾಗರ ವಿಮಾ ಕಾಯ್ದೆಯಲ್ಲೂ ಜನರಲ್ ಆವರೇಜ್ ಇದೆ.

ಹಳೇ ಕಥೆ ಅನ್ನಬೇಡಿ. 2021ರ ಮಾರ್ಚ್ 23ಕ್ಕೆ ಸೂಯೆಜ್ ಕಾಲುವೆಯಲ್ಲಿ ‘ಎವರ್ ಗಿವನ್’ ಹಡಗು ಅಡ್ಡ ಸಿಕ್ಕಿಕೊಂಡಿತಲ್ಲ? ಆರು ದಿನ ಕಾಲುವೆ ಬಂದ್. ನಮ್ಮ ಕಾಫಿ ಆಗ ಇಟಲಿಗೆ ಹೋಗುತ್ತಿದ್ದದ್ದೂ ಅದೇ ದಾರಿಯಲ್ಲಿ. ಆ ಹಡಗು ಚೀನಾ ಕಡೆಯಿಂದ ಬಂದದ್ದು, ಆದರೆ ಕಾಲುವೆ ಬಂದ್ ಆದರೆ ಚಿಂತೆ ಎಲ್ಲರಿಗೂ. ಅದನ್ನು ಬಿಡಿಸಿದ ಮೇಲೆ ಏಪ್ರಿಲ್ 1ಕ್ಕೆ ಯಜಮಾನರು ಜನರಲ್ ಆವರೇಜ್ ಘೋಷಿಸಿದರು. ಹಡಗಿನಲ್ಲಿ 18,000ಕ್ಕೂ ಜಾಸ್ತಿ ಕಂಟೇನರ್. ಒಂದೇ ಒಂದು ಕಂಟೇನರ್ ಕಳಿಸಿದವನೂ ‘ನನ್ನ ಪಾಲು ಕೊಡುತ್ತೇನೆ’ ಅಂತ ಬಾಂಡ್ ಬರೆದು, ಗ್ಯಾರಂಟಿ ಕೊಟ್ಟ ಮೇಲೆಯೇ ಅವನ ಮಾಲು ಬಿಡುವುದು. ವಿಮೆ ಇದ್ದವರಿಗೆ ಕಂಪನಿ ಗ್ಯಾರಂಟಿ ಕೊಡುತ್ತೆ. ಇಲ್ಲದವರು ಕೈಯಿಂದ ಡೆಪಾಸಿಟ್ ಕಟ್ಟಬೇಕು. ‘ನನ್ನ ಮಾಲಿಗೆ ಏನೂ ಆಗಿಲ್ಲ, ಮತ್ತೆ ನಾನ್ಯಾಕೆ ದುಡ್ಡು ಕೊಡಲಿ’ ಅಂತ ನಮ್ಮಲ್ಲಿ ಹೊಸಬರು ಕೇಳಿಯೇ ಕೇಳುತ್ತಾರೆ. ಲಂಡನ್ನಿನಲ್ಲಿ ಈ ಪಾಲು ಲೆಕ್ಕ ಹಾಕುವವರದ್ದೇ ಒಂದು ಸಂಘ ಇದೆ, 1869ರಿಂದ. ಅವರನ್ನು ಕರೆಯುವುದೇ ‘ಆವರೇಜ್ ಅಡ್ಜಸ್ಟರ್’ ಅಂತ.

ಸುಂಟಿಕೊಪ್ಪ ರೋಬಸ್ಟಾ

ಅಕ್ಕಾ, ಲಾರಿ ಉದಾಹರಣೆ ಮನಸ್ಸಿಗೆ ನಾಟಿತು. ಆದರೆ ಅಲ್ಲಿ ಹತ್ತು ಜನ ಇದ್ದಾರೆ, ನಷ್ಟ ಹಂಚಿಕೊಳ್ಳುತ್ತಾರೆ. ನನ್ನ ಗೋದಾಮಿನಲ್ಲಿ ನಾನೊಬ್ಬನೇ. ಯಾರ ಜೊತೆ ಹಂಚಿಕೊಳ್ಳಲಿ?

ನಿವೃತ್ತ ಸರ್ವೇಯರ್

ಇಬ್ಬರಿದ್ದೀರಿ. ಅದೇ ಇದರ ಗುಟ್ಟು. 40 ಭಾಗದ ಮೇಲೆ ಕಂಪನಿ ಕೂತಿದೆ, 60 ಭಾಗದ ಮೇಲೆ ನೀವು ಕೂತಿದ್ದೀರಿ. ಒಂದೇ ಲಾರಿ, ಇಬ್ಬರು ಪಾಲುದಾರರು. ಕಮ್ಮಿ ಮೊತ್ತಕ್ಕೆ ವಿಮೆ ಮಾಡಿಸಿದವನು ಉಳಿದ ಭಾಗಕ್ಕೆ ತಾನೇ ವಿಮೆಗಾರ ಅನ್ನುವ ಮಾತು ಅಕ್ಕ ಹೇಳಿದ 1963ರ ಕಾಯ್ದೆಯಲ್ಲೂ ಇದೆ. ಹಡಗಿನ ಮಾಲಿಗೆ ಇದ್ದ ಲೆಕ್ಕ ದಡ ಹತ್ತಿ ಬೆಂಕಿ ವಿಮೆಗೆ ಬಂತು, ಅಲ್ಲಿಂದ ನಿಮ್ಮ ಗೋದಾಮಿಗೆ. ಹೆಸರು ಮಾತ್ರ ಹಳೆಯದೇ ಉಳಿಯಿತು.

ಗಾಳಿಬೀಡು ಗೃಹಿಣಿ

ಓದುತ್ತಾ ಓದುತ್ತಾ ಎದೆ ಹೊಡೆದುಕೊಳ್ಳುತ್ತಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನೋಡಿ ಹೆದರಿ ಮನೆಗೆ ವಿಮೆ ಮಾಡಿಸಿದವರು ನಾವು. ಮೇಷ್ಟ್ರು ಹೇಳಿದ ಹಾಗೆ ಭಯದಿಂದಲೇ. ಮನೆಗೂ ಈ ಆವರೇಜ್ ಹಾಕುತ್ತಾರಾ ಸರ್? ಈಗ ಮನೆ ಕಟ್ಟುವ ಖರ್ಚು ಆಗಿನ ಥರ ಇಲ್ಲ.

ನಿವೃತ್ತ ಸರ್ವೇಯರ್

ನಿಮ್ಮ ಪಾಲಿಸಿ ‘ಭಾರತ್ ಗೃಹ ರಕ್ಷಾ’ ಆಗಿದ್ದರೆ ಹಾಕುವುದಿಲ್ಲಮ್ಮ. 2021ರ ಏಪ್ರಿಲ್ 1ರಿಂದ ಜನರಲ್ ಇನ್ಶೂರೆನ್ಸ್ ಕಂಪನಿಗಳಲ್ಲಿ ಬಂದ ಮನೆ ವಿಮೆ ಇದು. ಅದರಲ್ಲಿ ಕಮ್ಮಿ ವಿಮೆಯ ಕಡಿತ ಇಲ್ಲ. ಆದರೂ ಸಮ್ ಇನ್ಶೂರ್ಡ್‌ಗಿಂತ ಜಾಸ್ತಿ ಕೊಡುವುದಿಲ್ಲ, ಅದು ಮಿತಿ. ಭೂಕುಸಿತ ಸೇರಿದೆ. ಆದರೆ ಸಿಗುವುದು ಕಟ್ಟಡಕ್ಕೆ, ಕೆಳಗಿನ ಜಾಗಕ್ಕಲ್ಲ. ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು. ಇಲ್ಲಿ ಮನೆ ಜೊತೆ ಜಾಗವೇ ಜಾರಿ ಹೋಗುತ್ತೆ.

ಗೋದಾಮು, ಅಂಗಡಿ, ಸ್ಟಾಕ್ ಬೇರೆ. 5 ಕೋಟಿವರೆಗಿನ ಚಿಕ್ಕ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ಅದರಲ್ಲಿ ಕೊರತೆ ಶೇ 15ರ ಒಳಗಿದ್ದರೆ ಕಣ್ಣು ಮುಚ್ಚುತ್ತಾರೆ. ಸುಂಟಿಕೊಪ್ಪದವರ ಕೊರತೆ ಶೇ 60. ಅಷ್ಟು ದೊಡ್ಡ ಕಣ್ಣು ಯಾರೂ ಮುಚ್ಚುವುದಿಲ್ಲ.

ಕುಶಾಲನಗರ ಕ್ಯೂರಿಂಗ್

ಒಂದು ಸೇರಿಸುತ್ತೇನೆ. ಬೆಲೆ ಏರಿದರೆ ರಿನ್ಯೂವರೆಗೆ ಕಾಯಬೇಕಾಗಿಲ್ಲ. ವರ್ಷದ ಮಧ್ಯದಲ್ಲೇ ಮೊತ್ತ ಏರಿಸಿ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ತಿದ್ದುಪಡಿ, ಮಾಡಿಸಬಹುದು. ಉಳಿದ ದಿನಗಳಿಗೆ ಮಾತ್ರ ಹೆಚ್ಚಿನ ಪ್ರೀಮಿಯಂ. ಚೆರಿ ಮಾರಿ ಗೋದಾಮು ಖಾಲಿ ಆಯಿತಾ, ಇಳಿಸಲೂ ಕೇಳಿ.

ಕನ್ನಡ ಮೇಷ್ಟ್ರು

ನನ್ನ ತಕರಾರು ಉಳಿದೇ ಇದೆ. ಎಷ್ಟೋ ಕಡೆ ಇದನ್ನು ಕಣ್ಣು ಮುಚ್ಚಿ ‘ಸರಾಸರಿ ಷರತ್ತು’ ಅಂತ ಕನ್ನಡಕ್ಕೆ ತರುತ್ತಾರೆ. ಅಜ್ಜನ ಹೆಸರಿಗೆ ಮೊಮ್ಮಗನ ಫೋಟೋ ಅಂಟಿಸಿದ ಹಾಗೆ. ‘ಪಾಲು ಷರತ್ತು’ ಅಂದರೆ ಏನು ಕಷ್ಟ? ಓದಿದವನು ಕೊನೇ ಪಕ್ಷ ‘ಯಾರ ಪಾಲು?’ ಅಂತ ಕೇಳುತ್ತಾನೆ. ಸರಾಸರಿ ಅಂದರೆ ಗೊತ್ತಿರುವ ಪದ ಅಂತ ಮುಂದೆ ಹೋಗಿಬಿಡುತ್ತಾನೆ.

ಮಂಜಿನೂರು

ಮೇಷ್ಟ್ರ ಪದ ಚೆನ್ನಾಗಿದೆ. ನಾಮ ಅಂದದ್ದನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ. ಇನ್ನರ್ಧ ಫೋನ್ ಮಾಡದ ಬ್ಯಾಂಕಿಗೆ.

ಸುಂಟಿಕೊಪ್ಪ ರೋಬಸ್ಟಾ

ಆ ಅರ್ಧಕ್ಕೆ ನಾನೂ ಸಹಿ ಹಾಕುತ್ತೇನೆ. ಸರ್, ಇನ್ನು ದೂರು ಕೊಡುವುದಕ್ಕೆ ದಾರಿ ಇದೆಯಾ?

ನಿವೃತ್ತ ಸರ್ವೇಯರ್

ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಆದರೆ ಲೆಕ್ಕ ಸರಿ ಇರುವಾಗ ಷರತ್ತಿನ ಮೇಲೆ ಗೆಲ್ಲುವುದು ಕಷ್ಟ. ಆ ದಿನದ ಚೀಲದ ರೇಟ್ ಸರಿಯಾಗಿ ಹಿಡಿದಿದ್ದಾರಾ ಅಂತ ಮಾತ್ರ ಒಮ್ಮೆ ನೋಡಿ. ಅವರು ಒಟ್ಟು ಮಾಲಿನ ಮೌಲ್ಯ ಜಾಸ್ತಿ ಹಿಡಿದಿದ್ದರೆ ನಷ್ಟದಲ್ಲಿ ನೀವು ಹೊರುವ ಪಾಲು ಇನ್ನೂ ಬೆಳೆಯುತ್ತೆ.

ಸುಂಟಿಕೊಪ್ಪ ರೋಬಸ್ಟಾ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ರೇಟ್ ಸರಿಯಾಗಿಯೇ ಹಿಡಿದಿದ್ದಾರೆ, ಹಾಗಾಗಿ ದೂರು ಬಿಟ್ಟೆ. ಗೋದಾಮಿಗೆ ಹೊಸ ಶೀಟ್ ಹಾಕಿಸಿದೆ. ಹಿಂದಿದ್ದ ಇನ್ನೆರಡು ಸಿಲ್ವರ್ ಓಕ್ ಕಡಿಸಿದೆ. ನಿನ್ನೆ ಬ್ಯಾಂಕಿಗೆ ಹೋಗಿ ಉಳಿದ 85 ಚೀಲಕ್ಕೆ ಇವತ್ತಿನ ರೇಟಿನಲ್ಲಿ 8.5 ಲಕ್ಷ ಬರೆಸೋಣ ಅಂತ ಫಾರ್ಮ್ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ಪೆನ್ ತೆಗೆದು ಕೇಳಿದ: ‘ಸರ್, ರೇಟ್ ದಿನಾ ಬದಲಾಗುತ್ತೆ. ಒಂದು ಆವರೇಜ್ ಹಾಕಿಬಿಡಲಾ?’